ಇಂಗ್ಲೆಂಡಿನ ಹೊಲದಲ್ಲಿ ಸಿಕ್ಕ ಸುತ್ತಿಗೆ ಅಚ್ಚಿನ ಬೆಳ್ಳಿ ನಾಣ್ಯ: ಯಾರ ಕಾಲದ್ದು, ಎಷ್ಟು ಬಾಳುತ್ತದೆ?

ಮೊದಲ ಮಾತು: ಉಜ್ಜಬೇಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಳ್ಳಿ ಪಾತ್ರೆಯನ್ನು ವಿಭೂತಿ ಹಾಕಿ ತಿಕ್ಕಿ ಫಳಫಳ ಮಾಡುವ ಅಭ್ಯಾಸ ನಮ್ಮ ಕೈಗಳಲ್ಲಿ ಕೂತುಬಿಟ್ಟಿದೆ. ಮಣ್ಣಿನಿಂದ ಎದ್ದ ಏಳುನೂರು ವರ್ಷದ ನಾಣ್ಯಕ್ಕೆ ಆ ಉಪಚಾರ ಮಾಡಿದರೆ ಅರ್ಧ ಬೆಲೆ ಅಲ್ಲೇ ಹೋಗುತ್ತದೆ, ಓದಬೇಕಾದ ಅಕ್ಷರವೂ ಹೋಗುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿ, ವಾರಾಂತ್ಯದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲಕ್ಕೆ ಇಳಿಯುವ ಕನ್ನಡಿಗರಿಗೆ ಈ ಬರಹ. ಸಿಕ್ಕಿದ ನಾಣ್ಯದ ಕಾಲ ಗೊತ್ತುಮಾಡಿ, ಅದಕ್ಕೆ ನ್ಯಾಯವಾದ ಬೆಲೆ ತಿಳಿಯುವವರೆಗಿನ ದಾರಿ ಇದು.

ಈ ನಾಣ್ಯ ತಯಾರಾಗುತ್ತಿದ್ದ ಬಗೆ

ಇಂಗ್ಲೆಂಡಿನಲ್ಲಿ ನಡುನಡುವೆ ಯಂತ್ರದ ಪ್ರಯೋಗಗಳು ನಡೆದರೂ 1662ರವರೆಗೆ ಹೆಚ್ಚಿನ ನಾಣ್ಯಗಳನ್ನು ಕೈಯಲ್ಲೇ ಹೊಡೆಯುತ್ತಿದ್ದರು. ಕೆಳಗಿನ ಅಚ್ಚನ್ನು ಮರದ ದಿಮ್ಮಿಗೆ ನೆಡುವುದು, ಅದರ ಮೇಲೆ ತೆಳುವಾದ ಬೆಳ್ಳಿ ಬಿಲ್ಲೆ ಇಡುವುದು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಏಟು ಕೊಡುವುದು. ಟಿಪ್ಪು ಕಾಲದ ಅಥವಾ ಮೊಘಲರ ರೂಪಾಯಿ ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಕೆಲಸದ ಗುರುತುಗಳು ಹೊಸತಲ್ಲ. ಚಿತ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ, ಬರಹದ ಒಂದು ಭಾಗ ಮೂಡಿರುವುದಿಲ್ಲ, ಅಂಚು ದುಂಡಗಿರುವುದಿಲ್ಲ, ಎರಡು ಏಟು ಬಿದ್ದಲ್ಲಿ ಕಿರೀಟ ಎರಡಾಗಿ ಕಾಣುತ್ತದೆ. ಇವು ದೋಷವೆಂದು ಗಾಬರಿಯಾಗಬೇಕಿಲ್ಲ. ಆದರೆ ಬೆಲೆ ಕಟ್ಟುವಾಗ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹೊಲಕ್ಕೆ ಇಳಿಯುವ ಮೊದಲು

ಜಮೀನಿನ ಒಡೆಯರ ಅನುಮತಿ ಬರಹದಲ್ಲಿರಲಿ. ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನೂ ಅದರಲ್ಲೇ ಬರೆಸಿ. ಅರ್ಧರ್ಧ ಎಂಬುದು ರೂಢಿ. ಹೊಲವನ್ನು ಗೇಣಿಗೆ ಮಾಡುವವರು ಬೇರೆ ಇದ್ದರೆ ಅವರ ಒಪ್ಪಿಗೆಯೂ ಬೇಕು. ಸಂರಕ್ಷಿತ ಸ್ಮಾರಕವೆಂದು ಪಟ್ಟಿಯಾದ ಜಾಗದಲ್ಲಿ ಅಧಿಕೃತ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದು 1979ರ ಕಾಯ್ದೆಯ ಪ್ರಕಾರ ಅಪರಾಧ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಟ್ರೆಷರ್ ಆಕ್ಟ್ ನಡೆಯುತ್ತದೆ. ಒಂದೇ ಕಡೆ ಸಿಕ್ಕ ಎರಡು ಅಥವಾ ಹೆಚ್ಚು ನಾಣ್ಯಗಳು 300 ವರ್ಷ ದಾಟಿದ್ದು, ಅವುಗಳಲ್ಲಿ ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ಬೆಳ್ಳಿ ಅಥವಾ ಚಿನ್ನ ಇದ್ದರೆ ಅದು ನಿಧಿ. ಹದಿನಾಲ್ಕು ದಿನದೊಳಗೆ ತಿಳಿಸಲೇಬೇಕು. ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯಾಗುವುದಿಲ್ಲ. ಆದರೆ ಅದೇ ನಾಣ್ಯಕ್ಕೆ ಹಳೆಯ ಕಾಲದಲ್ಲೇ ಕೊಕ್ಕೆ ಬೆಸೆದು ಆಭರಣ ಮಾಡಿಕೊಂಡಿದ್ದರೆ ಅದು ಆಭರಣದ ಲೆಕ್ಕಕ್ಕೆ ಬಂದು ನಿಧಿಯಾಗುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಕಾನೂನು ಬೇರೆ: ಇಂಥ ಹಳೆಯ ನಾಣ್ಯ ಒಂದೇ ಸಿಕ್ಕರೂ ವರದಿ ಮಾಡಬೇಕು. ಉತ್ತರ ಐರ್ಲೆಂಡಿನಲ್ಲಿ ಪರವಾನಗಿ ಇಲ್ಲದೆ ಪುರಾತನ ವಸ್ತುವಿಗಾಗಿ ನೆಲ ಅಗೆಯುವುದೇ ತಪ್ಪು.

ಊರಲ್ಲಿ ಅಜ್ಜನ ತೋಟದಲ್ಲೂ ಒಮ್ಮೆ ಯಂತ್ರ ಆಡಿಸೋಣ ಎಂದು ಯೋಚಿಸುವವರಿಗೊಂದು ಎಚ್ಚರಿಕೆ. ಕರ್ನಾಟಕದಲ್ಲಿ ನೆಲದಡಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಬ್ರಿಟನ್ನಿನ ನಿಯಮ ಅಲ್ಲಿ ನಡೆಯುವುದಿಲ್ಲ.

ಗುಂಡಿಯ ಬಳಿ ಮಾಡಬೇಕಾದ್ದು

ತೆಳು ಬೆಳ್ಳಿ ನಾಣ್ಯದ ಸದ್ದು ಸಣ್ಣದು. ಚಿಲ್ಲರೆಗಾಗಿ ಕತ್ತರಿಸಿದ ಕಾಲು ಪೆನ್ನಿಯಂತೂ ಬೆಳ್ಳಿಕಾಗದದ ಚೂರಿನ ಹಾಗೆಯೇ ಕೂಗುತ್ತದೆ. ಆದ್ದರಿಂದ ಬೆಳ್ಳಿಕಾಗದಕ್ಕೆ ಯಂತ್ರ ತೋರಿಸುವ ಸಂಖ್ಯೆಗಳನ್ನು ಮುಚ್ಚಿಟ್ಟು ನಡೆಯುವವರು ಇಂಥ ನಾಣ್ಯಗಳ ಮೇಲೇ ದಾಟಿಹೋಗುತ್ತಾರೆ.

ನಾಣ್ಯ ಕಂಡ ಕೂಡಲೇ ಹೆಬ್ಬೆರಳಿನಿಂದ ಮಣ್ಣು ಸವರುವ ಆಸೆ ತಡೆದುಕೊಳ್ಳಿ. ಮಣ್ಣಿನಲ್ಲಿರುವ ಮರಳು ಬೆಳ್ಳಿಗಿಂತ ಎಷ್ಟೋ ಗಟ್ಟಿ. ಒಂದು ಸವರಿಗೇ ರಾಜನ ಕೆನ್ನೆಯ ಮೇಲೆ ಗೀರು ಬೀಳುತ್ತದೆ. ಅಂಚು ಹಿಡಿದು ಎತ್ತಿ, ಮೆತ್ತನೆಯ ಫೋಮ್ ಹಾಕಿದ ಸಣ್ಣ ಡಬ್ಬಿಯಲ್ಲಿಡಿ. ಬಾಗಿದ್ದರೆ ನೆಟ್ಟಗೆ ಮಾಡಬೇಡಿ. ಶತಮಾನಗಳ ಕಾಲ ಮಣ್ಣಲ್ಲಿದ್ದ ಬೆಳ್ಳಿ ಒಳಗೊಳಗೇ ಸೀಳಿ ಪೆಡಸಾಗಿರುತ್ತದೆ, ಹಪ್ಪಳದ ಹಾಗೆ ಮುರಿಯುತ್ತದೆ. ಮೇಲಾಗಿ ಆ ಬಾಗು ಬೇಕೆಂದೇ ಮಾಡಿದ್ದಿರಬಹುದು. ಮಧ್ಯಯುಗದಲ್ಲಿ ಸಂತರಿಗೆ ಹರಕೆ ಹೊತ್ತವರು ಪೆನ್ನಿಯನ್ನು ಬಾಗಿಸುತ್ತಿದ್ದರು. ನಮ್ಮಲ್ಲಿ ಮುಡಿಪು ಕಟ್ಟಿಡುತ್ತಾರಲ್ಲ, ಹಾಗೆ.

ಫೋನಿನಲ್ಲಿ ಜಾಗದ ಗುರುತು ತೆಗೆದುಕೊಳ್ಳಿ. ಬ್ರಿಟಿಷ್ ನಕ್ಷೆಯ ಗ್ರಿಡ್ ಸಂಖ್ಯೆ ಕನಿಷ್ಠ ಎಂಟು ಅಂಕಿಯದಾಗಿರಲಿ. ಆಳ ಎಷ್ಟು, ಹೊಲ ಯಾವುದು, ದಿನಾಂಕ ಏನು ಎಂಬುದನ್ನು ಡಬ್ಬಿಯ ಮೇಲೆಯೇ ಬರೆಯಿರಿ. ಅದೇ ಗುಂಡಿಯಲ್ಲಿ ಎರಡನೆಯ ನಾಣ್ಯ, ಮೂರನೆಯ ನಾಣ್ಯ ಕಾಣತೊಡಗಿದರೆ ಅಗೆಯುವುದನ್ನು ನಿಲ್ಲಿಸಿ, ಒಡೆಯರಿಗೂ ಆ ಕೌಂಟಿಯ ಫೈಂಡ್ಸ್ ಲೀಯೆಜಾನ್ ಅಧಿಕಾರಿಗೂ (ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವವರು) ಫೋನ್ ಮಾಡಿ. ಗಡಿಗೆಯೊಳಗೆ ನಾಣ್ಯಗಳು ಹೇಗೆ ಪದರಪದರವಾಗಿ ಕೂತಿದ್ದವು ಎಂಬುದು ಒಮ್ಮೆ ಕೆದಕಿದ ಮೇಲೆ ಮತ್ತೆ ಸಿಗದ ಮಾಹಿತಿ.

ತೊಳೆಯುವುದು

ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ನೀರು ಬದಲಿಸಿ, ಬೇಕಿದ್ದರೆ ಇನ್ನೊಂದು ದಿನ. ಮಣ್ಣು ತಾನಾಗಿ ಸಡಿಲವಾಗುತ್ತದೆ. ಉಳಿದದ್ದನ್ನು ನೀರಿನೊಳಗೇ ಮೃದುವಾದ ಚಿತ್ರದ ಕುಂಚದಿಂದ ಸರಿಸಿ. ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಒರೆಸಬೇಡಿ. ಇಷ್ಟೇ.

ಹುಣಸೆಹಣ್ಣು, ನಿಂಬೆರಸ, ವಿನೆಗರ್, ಟೂತ್‌ಪೇಸ್ಟ್, ಸೋಡಾಪುಡಿ ಜೊತೆ ಅಲ್ಯೂಮಿನಿಯಂ ಹಾಳೆ ಯಾವುದೂ ಬೇಡ. ಮೇಲ್ಮೈಯ ಬೂದು ಅಥವಾ ನೇರಳೆ ಛಾಯೆಯ ಪದರ ಬೆಳ್ಳಿಯೇ ಕ್ಲೋರೈಡ್ ಆಗಿ ಮಾರ್ಪಟ್ಟದ್ದು. ಕೆಲವೊಮ್ಮೆ ಅಕ್ಷರದ ಏಣು ಆ ಪದರದಲ್ಲೇ ಉಳಿದಿರುತ್ತದೆ. ಅದನ್ನು ಕರಗಿಸಿದರೆ ಅಡಿಯಲ್ಲಿ ಸಿಗುವುದು ಗುಳಿಬಿದ್ದ ಬೋಳು ಲೋಹ. ಹಸಿರು ಕಿಲುಬು ಮಿಶ್ರಲೋಹದಲ್ಲಿದ್ದ ತಾಮ್ರದ್ದು. ಅದೂ ತಾನಿದ್ದಲ್ಲೇ ಇರಲಿ. ಅಕ್ಕಸಾಲಿಗರ ಒರೆಗಲ್ಲಿಗೆ ಉಜ್ಜಿ ಪರೀಕ್ಷಿಸುವ ಯೋಚನೆಯನ್ನಂತೂ ಮಾಡಲೇಬೇಡಿ.

ಅಳೆಯುವುದು, ತೂಗುವುದು

0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಪ್ಲಾಸ್ಟಿಕ್ ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಲೋಹದ ಕ್ಯಾಲಿಪರ್ ಅಂಚಿಗೆ ಗೀರುತ್ತದೆ.

ಪೆನ್ನಿಯ ತೂಕ ಕಾಲಕಾಲಕ್ಕೆ ಇಳಿಯುತ್ತ ಬಂದದ್ದರಿಂದ ತಕ್ಕಡಿಯೇ ಅರ್ಧ ಪಂಚಾಂಗ. 1279ರ ಎಡ್ವರ್ಡ್ ಪೆನ್ನಿ ಸುಮಾರು 1.44 ಗ್ರಾಂ. 1351ರಲ್ಲಿ ಅದು 1.17 ಆಯಿತು, 1412ರಲ್ಲಿ 0.97, 1464ರಲ್ಲಿ 0.78, 1526ರಲ್ಲಿ 0.69ರ ಸುಮಾರು. ಮೊದಲನೆಯ ಎಲಿಜಬೆತ್ ರಾಣಿಯ ಪೆನ್ನಿ ಅರ್ಧ ಗ್ರಾಂ ಮಾತ್ರ. ನಾಲ್ಕು ಪೆನ್ನಿಯ ಗ್ರೋಟ್ ಇದೇ ಲೆಕ್ಕದಲ್ಲಿ ನಾಲ್ಕು ಪಟ್ಟು: 1351ರಲ್ಲಿ 4.67 ಗ್ರಾಂ, 1464ರಲ್ಲಿ 3.11. ಅಗಲದಲ್ಲಿ ಮಧ್ಯಯುಗದ ಪೆನ್ನಿ ಸಾಮಾನ್ಯವಾಗಿ 17ರಿಂದ 20 ಮಿ.ಮೀ., ಎಲಿಜಬೆತ್ ಸಿಕ್ಸ್‌ಪೆನ್ಸ್ (ಆರು ಪೆನ್ನಿ) 26ರ ಆಸುಪಾಸು, ಶಿಲ್ಲಿಂಗ್ (ಹನ್ನೆರಡು ಪೆನ್ನಿ) 30ರ ಮೇಲೆ.

ಆದರೆ ತೂಕವೊಂದನ್ನೇ ನಂಬಿ ತೀರ್ಪು ಕೊಟ್ಟರೆ ಎಡವುತ್ತೀರಿ. ಅಂಚನ್ನು ಕತ್ತರಿಯಿಂದ ಸುತ್ತಲೂ ಕೆರೆದು ಬೆಳ್ಳಿ ಕದಿಯುವ ಚಾಳಿ ಆಗ ವ್ಯಾಪಕವಾಗಿತ್ತು. 1.15 ಗ್ರಾಂ ತೂಗುವ ಪೆನ್ನಿ 1351ರ ನಂತರದ ಪೂರ್ತಿ ನಾಣ್ಯವೂ ಆಗಬಹುದು, 1280ರ ಕತ್ತರಿಸಿದ ನಾಣ್ಯವೂ ಆಗಬಹುದು. ಹೊರಸುತ್ತಿನ ಮಣಿಸಾಲು ನೋಡಿ. ಅದು ಪೂರ್ತಿ ಇದ್ದರೆ ತೂಕ ನಿಜ ಹೇಳುತ್ತಿದೆ. ಮಣಿಸಾಲು ಮಾಯವಾಗಿ ಅಕ್ಷರಗಳ ತಲೆಯೇ ಹಾರಿಹೋಗಿದ್ದರೆ ಕತ್ತರಿ ಆಡಿದೆ.

ಶಿಲುಬೆಯಿಂದ ಶುರುಮಾಡಿ

ಹೊಸಬರು ರಾಜನ ಮುಖ ನೋಡುತ್ತಾ ಕೂರುತ್ತಾರೆ. ಅದು ಯಾವ ರಾಜನ ನಿಜ ಮುಖವೂ ಅಲ್ಲ; ಕಿರೀಟ ಹೊತ್ತ ಅದೇ ಮುಂಗಾಣುವ ತಲೆ ಮುನ್ನೂರು ವರ್ಷ ನಡೆಯಿತು. ನಾಣ್ಯವನ್ನು ಮಗುಚಿ ಹಿಂಬದಿಯ ಶಿಲುಬೆಯನ್ನು ನೋಡಿ.

ಶಿಲುಬೆಯ ತೋಳು ಜೋಡಿಗೆರೆಯದಾಗಿದ್ದು, ಅಂಚಿಗೆ ಮುಟ್ಟದೆ ಒಳವೃತ್ತದಲ್ಲೇ ನಿಂತು, ನಾಲ್ಕು ಮೂಲೆಗಳಲ್ಲಿ ಪುಟ್ಟ ಶಿಲುಬೆಯಾಕಾರದ ಹೂಗಳಿದ್ದರೆ ಅದು ಶಾರ್ಟ್ ಕ್ರಾಸ್ ಪೆನ್ನಿ, 1180ರಿಂದ 1247. ಮುಂಬದಿಯಲ್ಲಿ ‘ಹೆನ್ರಿಕುಸ್ ರೆಕ್ಸ್’ ಎಂದೇ ಇರುತ್ತದೆ. ರಿಚರ್ಡ್ ಆಳಿದಾಗಲೂ ಜಾನ್ ಆಳಿದಾಗಲೂ ಹೆಸರು ಬದಲಾಯಿಸಲಿಲ್ಲ. ‘ಹೆನ್ರಿ’ ಎಂದು ಓದಿದ ಮಾತ್ರಕ್ಕೆ ಹೆನ್ರಿಯ ನಾಣ್ಯ ಎಂದು ಬರೆದುಕೊಳ್ಳಬೇಡಿ.

ಜೋಡಿಗೆರೆಯ ಶಿಲುಬೆ ಅಂಚಿನವರೆಗೂ ಚಾಚಿ, ಪ್ರತಿ ಮೂಲೆಯಲ್ಲಿ ಮೂರು ಚುಕ್ಕಿ ಇದ್ದರೆ ಮೂರನೆಯ ಹೆನ್ರಿಯ ಲಾಂಗ್ ಕ್ರಾಸ್, 1247ರಿಂದ 1279. ಅಂಚು ಕತ್ತರಿಸಿದರೆ ಶಿಲುಬೆಯ ತುದಿ ಕಡಿದುಹೋದದ್ದು ಎದ್ದುಕಾಣಲಿ ಎಂಬುದು ಇಷ್ಟುದ್ದ ಮಾಡಿದ್ದರ ಒಂದು ಉಪಯೋಗ. ಈ ಎರಡೂ ಬಗೆಯಲ್ಲಿ ಹಿಂಬದಿಯ ಬರಹ ಅಚ್ಚು ಹೊಡೆಸಿದವನ ಹೆಸರು ಮತ್ತು ಊರು: ‘ನಿಕೊಲೆ ಒನ್ ಲುಂಡ್’ ಅಂದರೆ ಲಂಡನ್ನಿನ ನಿಕೊಲೆ. ಶಿಲುಬೆಯ ಗೆರೆ ಹಿಡಿದು ಕತ್ತರಿಸಿದ ಅರ್ಧ, ಕಾಲು ಚೂರುಗಳು ಹೆಚ್ಚಾಗಿ ಈ ಕಾಲದವು. ಅವು ಒಡೆದ ನಾಣ್ಯವಲ್ಲ, ಚಿಲ್ಲರೆಗಾಗಿ ಬೇಕೆಂದೇ ಕತ್ತರಿಸಿದ್ದು; ಚೂರೆಂದು ಬಿಸಾಡಿದವರು ಎಷ್ಟೋ ಜನ.

ಶಿಲುಬೆ ಒಂದೇ ಗಟ್ಟಿ ಗೆರೆಯದಾಗಿ ಅಂಚಿನವರೆಗೂ ಇದ್ದು, ಮೂಲೆಗೆ ಮೂರು ಚುಕ್ಕಿ ಇದ್ದರೆ 1279ರ ನಂತರದ್ದು. ಇದೇ ಅತಿ ಹೆಚ್ಚು ಸಿಗುವ ಬಗೆ. ಈಗ ಅಚ್ಚು ಹೊಡೆಸಿದವನ ಹೆಸರು ಹೋಗಿ ಊರೊಂದೇ ಉಳಿಯುತ್ತದೆ: ‘ಸಿವಿತಾಸ್ ಲೊಂಡೊನ್’, ಕ್ಯಾಂಟರ್ಬರಿಗೆ ‘ಸಿವಿತಾಸ್ ಕಾಂತೊರ್’, ಯಾರ್ಕ್‌ಗೆ ‘ಸಿವಿತಾಸ್ ಎಬೊರಾಸಿ’, ಡರಮ್‌ಗೆ ‘ಸಿವಿತಾಸ್ ದುರೆಮೆ’. ನಗರವಲ್ಲದ ಊರಾದರೆ ‘ವಿಲ್ಲ’ ಎಂದು ಶುರುವಾಗುತ್ತದೆ. ಶಿಲುಬೆಯ ಮೇಲೆ ಗುರಾಣಿ ಬಂದಿದ್ದರೆ ನೀವು ಟ್ಯೂಡರ್ ರಾಜವಂಶದ ಕಾಲಕ್ಕೆ (1485–1603) ಇಳಿದಿದ್ದೀರಿ.

ಒಂದು ನಾಣ್ಯವನ್ನು ಪೂರ್ತಿ ಓದೋಣ

ಅಳತೆ 18.5 ಮಿ.ಮೀ., ತೂಕ 1.36 ಗ್ರಾಂ, ಒಂಟಿಗೆರೆ ಶಿಲುಬೆ, ಮೂರು ಮೂರು ಚುಕ್ಕಿ ಎಂದಿಟ್ಟುಕೊಳ್ಳಿ. ಕೋಣೆ ಕತ್ತಲು ಮಾಡಿ, ಒಂದೇ ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಮೇಲಿನಿಂದ ಬೆಳಕು ಬಿದ್ದಾಗ ಬೋಳಾಗಿ ಕಂಡ ಅಂಚಿನಲ್ಲಿ ಈಗ ಅಕ್ಷರಗಳ ನೆರಳು ಏಳುತ್ತದೆ. ನಾಣ್ಯವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪ್ರತಿ ಕೋನದಲ್ಲೂ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ರಾಜನ ಕಿರೀಟದ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ ಪುಟ್ಟ ಶಿಲುಬೆ ಇದೆ. ಅಲ್ಲಿಂದ ಬಲಕ್ಕೆ ಓದಿ. ಅಕ್ಷರಗಳು ಇಂದಿನವಲ್ಲ: ‘ಇ’ ದುಂಡಗೆ ಮುಚ್ಚಿಕೊಂಡಿರುತ್ತದೆ, ‘ಎನ್’ ತಿರುಗುಮುರುಗಾಗಿರಬಹುದು, ‘ಎ’ಗೆ ನಡುಗೆರೆ ಇಲ್ಲದಿರಬಹುದು, ‘ಯು’ ಬದಲು ‘ವಿ’. ಮೊದಲ ಮೂರು ಅಕ್ಷರ ‘ಇ, ಡಿ, ಡಬ್ಲ್ಯು’, ಆಮೇಲೆ ಜಾಗ ಬಿಟ್ಟು ‘ಆರ್’, ನಂತರ ‘ಆಂಗ್ಲ್’, ಉಳಿದದ್ದು ಮಸುಕು. ಪೂರ್ತಿ ಬರಹ ‘ಎಡ್ವರ್ಡ್, ಇಂಗ್ಲೆಂಡಿನ ರಾಜ, ಐರ್ಲೆಂಡಿನ ಒಡೆಯ’ ಎಂಬುದರ ಲ್ಯಾಟಿನ್ ಸಂಕ್ಷೇಪ. ಹಿಂಬದಿಯ ನಾಲ್ಕು ಕಾಲುಭಾಗಗಳಲ್ಲಿ ಎರಡರಲ್ಲಿ ಮಾತ್ರ ಓದಲು ಬರುತ್ತದೆ: ‘ತಾಸ್’, ಅದರ ಮುಂದಿನದು ‘ಲೊನ್’. ಅಷ್ಟೇ ಸಾಕು: ಸಿವಿ, ತಾಸ್, ಲೊನ್, ಡೊನ್.

ಹೆಸರಿನ ಉದ್ದವೇ ಮುಂದಿನ ಸುಳಿವು. ‘ಎಡ್ವ್ ಆರ್’ ಎಂದು ಮೂರೇ ಅಕ್ಷರವಿದ್ದರೆ ಬಹುಮಟ್ಟಿಗೆ ಮೊದಲನೆಯ ಎಡ್ವರ್ಡ್. ‘ಎಡ್ವ’ ಎಂದು ನಾಲ್ಕನೆಯ ಅಕ್ಷರವಾಗಿ ‘ಎ’ ಸೇರಿದ್ದರೆ ಅವನ ಕೊನೆಗಾಲ ಅಥವಾ ಎರಡನೆಯ ಎಡ್ವರ್ಡ್. ತಜ್ಞರು ಈ ಪೆನ್ನಿಗಳನ್ನು ಕಿರೀಟದ ದಳ, ಅಕ್ಷರದ ಆಕಾರ ನೋಡಿ ಹದಿನೈದು ವರ್ಗಗಳಾಗಿ ವಿಂಗಡಿಸಿದ್ದಾರೆ. ಎದೆಯ ಮೇಲೆ ಗುಲಾಬಿ ಇದ್ದರೆ 7ನೇ ವರ್ಗ, ನಕ್ಷತ್ರವಿದ್ದರೆ ಸಾಮಾನ್ಯವಾಗಿ 9ನೇ ವರ್ಗ ಎಂಬಂಥ ಗುರುತುಗಳಿಂದ ಕಲಿಯಲು ಶುರುಮಾಡಿ, ಕಿರೀಟದ ಸೂಕ್ಷ್ಮ ಆಮೇಲೆ ಕೈಹಿಡಿಯುತ್ತದೆ. ಡರಮ್ ಪೆನ್ನಿಯಲ್ಲಿ ಆರಂಭದ ಶಿಲುಬೆಯ ತುದಿಗಳು ಕವಲೊಡೆದು ಸುರುಳಿಯಾಗಿದ್ದರೆ ಅದು ಬಿಷಪ್ ಆಂಟನಿ ಬೆಕ್‌ನ ಗುರುತು. ಯಾರ್ಕಿನ ಪೆನ್ನಿಯಲ್ಲಿ ಶಿಲುಬೆಯ ನಟ್ಟನಡುವೆ ನಾಲ್ಕೆಸಳಿನ ಹೂವಿದ್ದರೆ ಆರ್ಚ್‌ಬಿಷಪ್‌ರ ಟಂಕಸಾಲೆ.

ಎಲಿಜಬೆತ್‌ಳ ಗುಲಾಬಿ

ಟ್ಯೂಡರ್ ಕಾಲದ ನಾಣ್ಯಗಳಲ್ಲಿ ಹೊಲದಲ್ಲಿ ಹೆಚ್ಚು ಸಿಗುವುದು ಮೊದಲನೆಯ ಎಲಿಜಬೆತ್‌ಳದು. ಹತ್ತಿರ ಹತ್ತಿರದ ಬೆಲೆಯ ನಾಣ್ಯಗಳು ಅದಲುಬದಲಾಗದಿರಲೆಂದು 1561ರಲ್ಲಿ ಒಂದು ಉಪಾಯ ಮಾಡಿದರು. ಆರು, ಮೂರು, ಒಂದೂವರೆ, ಮುಕ್ಕಾಲು ಪೆನ್ನಿಗಳಲ್ಲಿ ರಾಣಿಯ ತಲೆಯ ಹಿಂದೆ ಗುಲಾಬಿ, ಹಿಂಬದಿಯ ಗುರಾಣಿಯ ಮೇಲ್ಗಡೆ ಇಸವಿ. ಶಿಲ್ಲಿಂಗ್, ನಾಲ್ಕು, ಎರಡು, ಒಂದು ಪೆನ್ನಿಗಳಲ್ಲಿ ಗುಲಾಬಿಯೂ ಇಲ್ಲ, ಇಸವಿಯೂ ಇಲ್ಲ. ನಾಣ್ಯ ಎಷ್ಟೇ ಸವೆದಿದ್ದರೂ ಓರೆ ಬೆಳಕಿನಲ್ಲಿ ತಲೆಯ ಹಿಂದೆ ಒಂದು ಉಬ್ಬು ಕಂಡರೆ ಸಾಕು, ಅರ್ಧ ಕೆಲಸ ಮುಗಿಯಿತು. ಸಿಕ್ಸ್‌ಪೆನ್ಸ್ ಹೊಸದರಲ್ಲಿ 3.11 ಗ್ರಾಂ, ಮೂರು ಪೆನ್ನಿ 1.55.

ಇಸವಿ ಅಳಿಸಿದ್ದರೆ ಬರಹದ ಆರಂಭದಲ್ಲಿರುವ ಟಂಕಸಾಲೆ ಗುರುತು ಹುಡುಕಿ: ಬಾಣದ ತುದಿ 1561–65, ಕೋಟೆ 1570–72, ಗಂಟೆ 1582–83, ಕೈ 1590–92. ಎರಡೂ ಬದಿಯಲ್ಲಿ ಒಂದೇ ಗುರುತು ಇರುವುದರಿಂದ ಒಂದು ಬದಿ ಹೋಗಿದ್ದರೂ ಇನ್ನೊಂದು ಬದಿ ಕೈಗೂಡುತ್ತದೆ. ಮೊದಲನೆಯ ಜೇಮ್ಸ್, ಮೊದಲನೆಯ ಚಾರ್ಲ್ಸ್ ಕಾಲದಲ್ಲಿ ತಲೆಯ ಹಿಂದೆ ರೋಮನ್ ಅಂಕಿಯಲ್ಲೇ ಬೆಲೆ ಬರೆದಿರುತ್ತದೆ. ಬರಹ ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲಿದ್ದರೆ ರಾಜನಿಲ್ಲದ ಕಾಮನ್‌ವೆಲ್ತ್ ಕಾಲ, 1649–60.

ದಾರಿ ತಪ್ಪಿಸುವವು

ಮುಖ ಪಕ್ಕಕ್ಕೆ ತಿರುಗಿದ್ದು ಶಿಲುಬೆಯ ಮೂಲೆಗಳಲ್ಲಿ ಚುಕ್ಕಿಯ ಬದಲು ನಕ್ಷತ್ರವಿದ್ದರೆ ಸ್ಕಾಟ್ಲೆಂಡಿನದು. ರಾಜನ ತಲೆ ತ್ರಿಕೋನದೊಳಗಿದ್ದರೆ ಐರಿಷ್. ಎಡ್ವರ್ಡ್ ಪೆನ್ನಿಯ ತದ್ರೂಪದಂತಿದ್ದು ಕಿರೀಟದ ಬದಲು ಗುಲಾಬಿ ಮಾಲೆಯೋ ಬೋಳುತಲೆಯೋ ಇದ್ದರೆ ಅದು ಸಮುದ್ರದಾಚೆಯ ಅನುಕರಣೆ. ಅಂಥವನ್ನು 1300ರಲ್ಲಿ ಚಲಾವಣೆಯಿಂದ ತೆಗೆದರು. ಪೆನ್ನಿಗಿಂತ ಚಿಕ್ಕ, ಬಹಳ ತೆಳು ಬೆಳ್ಳಿಯಲ್ಲಿ ಮೊಣಕಾಲೂರಿದ ಆಕೃತಿ ಕಂಡರೆ ವೆನಿಸ್ಸಿನ ಸೊಲ್ದಿನೊ. ವ್ಯಾಪಾರಿ ಹಡಗುಗಳ ಜೊತೆ ಬಂದ ಈ ನಾಣ್ಯ ಇಂಗ್ಲೆಂಡಿನ ಹೊಲಗಳಲ್ಲಿ ಆಗಾಗ ಏಳುತ್ತಲೇ ಇರುತ್ತದೆ.

ಖೋಟಾ ಎರಡು ಬಗೆ. ಆ ಕಾಲದ್ದೇ ಖೋಟಾ ಆದರೆ ತಾಮ್ರದ ತಿರುಳಿಗೆ ಬೆಳ್ಳಿ ಹೊದಿಕೆ. ಅಂಚು ಹರಿದಲ್ಲಿ ಹಸಿರು ಒಸರುತ್ತದೆ, ತೂಕ ಕಡಿಮೆ. ಅದಕ್ಕೂ ಬೆಲೆಯಿದೆ, ದಾಖಲಿಸಲೂ ಯೋಗ್ಯ. ಇಂದಿನ ನಕಲು ಎರಕದ್ದು: ಅಕ್ಷರಗಳು ಸವೆದ ಸೋಪಿನ ಹಾಗೆ ಮೊಂಡು, ಮೇಲ್ಮೈಯಲ್ಲಿ ಗುಳ್ಳೆ, ಅಂಚಿನಲ್ಲಿ ಎರಡು ಅರ್ಧ ಕೂಡಿದ ಗೆರೆ.

ಬೆಲೆ ಕಟ್ಟುವುದು

ಪೆನ್ನಿಯಲ್ಲಿ ಇರುವ ಬೆಳ್ಳಿ ಗ್ರಾಂ ಲೆಕ್ಕದ್ದು, ಅದರ ಬೆಲೆ ಹಿಡಿದು ಏನನ್ನೂ ಹೇಳಲಾಗದು. ಬೆಲೆ ನಿಲ್ಲುವುದು ಬಗೆ, ಟಂಕಸಾಲೆ, ಸ್ಥಿತಿ ಈ ಮೂರರ ಮೇಲೆ; ಹೊಸಬರು ಲೆಕ್ಕಕ್ಕೇ ಹಿಡಿಯದ ನಾಲ್ಕನೆಯದು ದಾಖಲೆ.

ಸ್ಥಿತಿಯನ್ನು ಫೇರ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ಏರುಕ್ರಮದಲ್ಲಿ ಹೇಳುತ್ತಾರೆ. ಇಲ್ಲಿ ಸವೆತಕ್ಕೂ ಸೋತ ಏಟಿಗೂ ವ್ಯತ್ಯಾಸ ತಿಳಿಯಬೇಕು. ಸವೆತ ಎತ್ತರದ ಭಾಗಗಳನ್ನು, ಅಂದರೆ ಕೆನ್ನೆ, ಮೂಗು, ಕೂದಲನ್ನು ಮೊದಲು ತಿನ್ನುತ್ತದೆ. ಏಟು ಸರಿಯಾಗಿ ಬೀಳದಿದ್ದರೆ ಒಂದು ಬದಿಯ ಒಂದು ಮೂಲೆ ಮಸುಕಾಗಿರುತ್ತದೆ, ಹಿಂದುಗಡೆ ಅದೇ ಜಾಗವೂ ಮಸುಕಾಗಿರುತ್ತದೆ, ಉಳಿದ ಭಾಗ ಚೂಪಾಗಿರುತ್ತದೆ. ಎರಡನೆಯದನ್ನು ಸಂಗ್ರಾಹಕರು ಹೆಚ್ಚು ಕ್ಷಮಿಸುತ್ತಾರೆ. ನೇಗಿಲ ಗೀರು, ಬಾಗು, ಬಿರುಕು, ತೂತು ಕ್ಷಮೆಯಿಲ್ಲದವು. ಬೆಲೆ ಅರ್ಧಕ್ಕಿಂತ ಕೆಳಗೂ ಹೋಗುತ್ತದೆ.

ಅಂದಾಜು ಹೇಳುವುದಾದರೆ, ಲಂಡನ್ ಅಥವಾ ಕ್ಯಾಂಟರ್ಬರಿಯ ಎಡ್ವರ್ಡ್ ಪೆನ್ನಿ ಹೊಲದ ಸಾಧಾರಣ ಸ್ಥಿತಿಯಲ್ಲಿ 15ರಿಂದ 30 ಪೌಂಡ್. ಸವೆದ ಎಲಿಜಬೆತ್ ಸಿಕ್ಸ್‌ಪೆನ್ಸ್ 20ರಿಂದ 40. ಮುಖ ಚೆನ್ನಾಗಿ ಉಳಿದಿದ್ದರೆ ನೂರನ್ನೂ ದಾಟೀತು. ರೆಡಿಂಗ್ ಟಂಕಸಾಲೆಯ ಎಡ್ವರ್ಡ್ ಪೆನ್ನಿ ಹಾಗಲ್ಲ. ಶಿಲುಬೆಯ ಒಂದು ಮೂಲೆಯಲ್ಲಿ ಮೂರು ಚುಕ್ಕಿಯ ಬದಲು ಚಿಪ್ಪು ಕಂಡರೆ ಕೈ ನಡುಗಬೇಕು. ಅಂತರ್ಯುದ್ಧ ನಡೆದ ಸ್ಟೀಫನ್ ಕಾಲದ ಪೆನ್ನಿ (1135–54) ನೋಡಲು ಚಪ್ಪಟೆ ತಗಡಿನಂತಿದ್ದರೂ ನೂರಾರು ಪೌಂಡ್ ತರಬಲ್ಲದು. ಎರಡೇ ವರ್ಷ ಆಳಿದ ಮೂರನೆಯ ರಿಚರ್ಡ್‌ನ ಗ್ರೋಟ್ ಒಳ್ಳೆಯ ಸ್ಥಿತಿಯಲ್ಲಿ ಸಾವಿರ ಪೌಂಡ್ ಮೀರುತ್ತದೆ. ಕಾಡುಹಂದಿಯ ತಲೆಯ ಗುರುತಿದ್ದರೆ ಮತ್ತೆ ಮತ್ತೆ ನೋಡಿ.

ಸ್ಪಿಂಕ್ ಸಂಸ್ಥೆಯ ವಾರ್ಷಿಕ ಕ್ಯಾಟಲಾಗಿನಲ್ಲಿ ಪ್ರತಿ ಬಗೆಗೂ ಸಂಖ್ಯೆ, ಬೆಲೆ ಇದೆ. ಆ ಬೆಲೆ ಅಂಗಡಿಯವರು ಮಾರುವ ಬೆಲೆ, ನಿಮಗೆ ಕೊಡುವ ಬೆಲೆಯಲ್ಲ. ಸಂಖ್ಯೆಯನ್ನು ಅಲ್ಲಿಂದ ತೆಗೆದುಕೊಂಡು, ಬೆಲೆಯನ್ನು ಹರಾಜು ಮನೆಗಳ ಹಳೆಯ ಫಲಿತಾಂಶಗಳಲ್ಲಿ ಹುಡುಕಿ. ಅದೇ ವರ್ಗ, ಅದೇ ಸ್ಥಿತಿಯ ಮೂರು ನಾಲ್ಕು ಮಾರಾಟಗಳ ನಡುಬೆಲೆ ನಿಮ್ಮದು. ಆನ್‌ಲೈನ್ ಜಾಹೀರಾತಿನಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ನಿಜಕ್ಕೂ ಮಾರಾಟವಾದದ್ದನ್ನೇ ನೋಡಿ.

ಕೈಗೆ ಬರುವ ಲೆಕ್ಕ ಹೀಗಿರುತ್ತದೆ. ಹರಾಜಿನಲ್ಲಿ 100 ಪೌಂಡಿಗೆ ಸುತ್ತಿಗೆ ಬಿತ್ತು, ಮಾರುವವರ ಕಮಿಷನ್ ಶೇ. 15, ಅದರ ಮೇಲೆ ಶೇ. 20 ವ್ಯಾಟ್ ಎಂದಿಟ್ಟುಕೊಂಡರೆ 18 ಪೌಂಡ್ ಕಳೆದು 82 ಉಳಿಯುತ್ತದೆ. ಜಮೀನಿನ ಒಡೆಯರ ಅರ್ಧ ಕೊಟ್ಟರೆ ನಿಮಗೆ 41. ಇಪ್ಪತ್ತು ಮೂವತ್ತು ಪೌಂಡಿನ ಪೆನ್ನಿಯನ್ನು ಹರಾಜಿಗೆ ಒಯ್ಯುವುದು ದಂಡ. ಅದನ್ನು ಇಟ್ಟುಕೊಳ್ಳುವುದೇ ಮೇಲು.

ದಾಖಲೆ, ಜೋಪಾನ

ಒಂಟಿ ನಾಣ್ಯವನ್ನು ವರದಿ ಮಾಡುವುದು ಇಂಗ್ಲೆಂಡ್, ವೇಲ್ಸ್‌ನಲ್ಲಿ ಕಡ್ಡಾಯವಲ್ಲ. ಆದರೂ ಮಾಡಿ. ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸಲು 1997ರಲ್ಲಿ ಆರಂಭವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಅಧಿಕಾರಿ, ಅಂದರೆ ಮೇಲೆ ಹೇಳಿದ ಫೈಂಡ್ಸ್ ಲೀಯೆಜಾನ್ ಅಧಿಕಾರಿ, ನಾಣ್ಯವನ್ನು ಪರೀಕ್ಷಿಸಿ, ದಾಖಲಿಸಿ, ನಿಮಗೇ ಹಿಂದಿರುಗಿಸುತ್ತಾರೆ. ಇದಕ್ಕೆ ಶುಲ್ಕವಿಲ್ಲ. ನಿಮ್ಮ ಗುರುತು ಸರಿಯೇ ಎಂಬುದೂ ಗೊತ್ತಾಗುತ್ತದೆ, ಆ ದಾಖಲೆ ಸಂಖ್ಯೆ ಮಾರುವಾಗ ಕೊಳ್ಳುವವರಿಗೆ ಧೈರ್ಯವನ್ನೂ ಕೊಡುತ್ತದೆ. ಒಂದು ಹೊಲದಲ್ಲಿ ಹತ್ತು ವರ್ಷದಲ್ಲಿ ಬಿಡಿಬಿಡಿಯಾಗಿ ಸಿಕ್ಕ ನಲವತ್ತು ಪೆನ್ನಿಗಳು ಅಲ್ಲೊಂದು ಮರೆತುಹೋದ ಸಂತೆ ನಡೆಯುತ್ತಿತ್ತು ಎಂದು ಹೇಳಬಲ್ಲವು. ಜಾಗದ ಗುರುತಿಲ್ಲದೆ ಅದೇ ನಲವತ್ತು ಬರೀ ಬೆಳ್ಳಿ ಬಿಲ್ಲೆಗಳು.

ಪಿವಿಸಿ ಪ್ಲಾಸ್ಟಿಕ್ಕಿನ ಜೇಬುಗಳಲ್ಲಿ ಇಡಬೇಡಿ, ವರ್ಷ ಕಳೆದಂತೆ ಅದು ಆಮ್ಲ ಬಿಟ್ಟು ನಾಣ್ಯಕ್ಕೆ ಅಂಟು ಹಸಿರು ಹತ್ತಿಸುತ್ತದೆ. ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಜೇಬು ಸರಿ, ಆಮ್ಲವಿಲ್ಲದ ಕಾಗದದ ಲಕೋಟೆಯೂ ಸರಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಓಕ್ ಮರದ ಪೆಟ್ಟಿಗೆಯೂ ಬೇಡ, ಅದರ ಆವಿ ಲೋಹಕ್ಕೆ ಆಗದು.

ರಜೆಗೆ ಊರಿಗೆ ಹೊರಟಾಗ ಅಮ್ಮನಿಗೆ ತೋರಿಸಲೆಂದು ನಾಣ್ಯವನ್ನು ಚೀಲಕ್ಕೆ ಹಾಕಿಕೊಳ್ಳುವ ಮುನ್ನ ನಿಲ್ಲಿ. ಬ್ರಿಟನ್ನಿನ ಮಣ್ಣಿನಲ್ಲಿ ಸಿಕ್ಕ, ಐವತ್ತು ವರ್ಷ ಮೀರಿದ ಪುರಾತನ ವಸ್ತುವನ್ನು ದೇಶದಾಚೆ ಒಯ್ಯಲು ರಫ್ತು ಪರವಾನಗಿ ಬೇಕು. ಓರೆ ಬೆಳಕಿನಲ್ಲಿ ತೆಗೆದ ಆ ಒಳ್ಳೆಯ ಫೋಟೊವನ್ನೇ ತೋರಿಸಿ; ಅಕ್ಷರ ನಾಣ್ಯಕ್ಕಿಂತ ಅದರಲ್ಲೇ ಚೆನ್ನಾಗಿ ಕಾಣುತ್ತದೆ.